ಎಡದಿಂದ ಎರಡನೆಯವನು

ಜೂನ್ 9

ಅಪ್ಪನಿಗೆ,

ನಿನ್ನ ಧಾರಾವಾಹಿ ನೋಡಿದೆ! ನಿನ್ನೆ ಸಂಜೆ ನಾನು, ದೊಡ್ಡಮ್ಮ, ದೊಡ್ಡಪ್ಪ ಮೂವರೂ ಟೀವಿ ಮುಂದೆ ಕೂತಿದ್ದೆವು. ದೊಡ್ಡಪ್ಪ ಬಂದರಿನಲ್ಲಿ ಕ್ರೇನ್ ಓಡಿಸಿ ಬಂದವರು ಕೈಕಾಲು ಕೂಡ ತೊಳೆದಿರಲಿಲ್ಲ. ಬಾಹ್ಯಾಕಾಶ ನೌಕೆಯ ಬಾಗಿಲು ಒಡೆದುಕೊಂಡು ಹುರ್ಗಾಣರು ಒಳಗೆ ನುಗ್ಗಿದಾಗ ದೊಡ್ಡಮ್ಮ, “ಅಯ್ಯೋ, ಇದೇನೇ ಇದು, ಕರಡಿಗೂ ಆಮೆಗೂ ಹುಟ್ಟಿದ ಹಾಗಿವೆ!” ಅಂದಳು. ಆರು ಜನ ಹುರ್ಗಾಣರಲ್ಲಿ ನೀನು ಯಾರು ಅಂತ ಅವರಿಬ್ಬರಿಗೂ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು. ಎಡದಿಂದ ಎರಡನೆಯವನು. ಬಾಗಿಲು ಅಷ್ಟು ಎತ್ತರ ಇದ್ದರೂ ದಾಟುವಾಗ ನೀನೊಬ್ಬನೇ ತಲೆ ತಗ್ಗಿಸಿದೆ. ನಮ್ಮ ಹಳೇ ಮನೆಯಲ್ಲೂ ಹಾಗೇ ಮಾಡುತ್ತಿದ್ದೆ.

ಕೊನೆಗೆ ಹೆಸರುಗಳು ಓಡುತ್ತವಲ್ಲ, ಅದರಲ್ಲಿ ನಿನ್ನ ಹೆಸರು ಹುಡುಕಿದೆ. ಬರಲಿಲ್ಲ. ‘ಮತ್ತು ಇತರರು’ ಅಂತ ಬಂತು. ಇತರರು ಅಂದರೆ ನೀನೇ ತಾನೇ? ಇವತ್ತು ಶಾಲೆಯಲ್ಲಿ ಹೇಳಿದರೆ ಪಕ್ಕದ ಬೆಂಚಿನ ಹಲ್ಲುಬ್ಬಿ, “ಮುಖಾನೇ ಕಾಣಲ್ಲ, ಯಾರಪ್ಪ ಅಂತ ಬೇಕಾದ್ರೂ ಹೇಳ್ಬೋದು” ಅಂದಳು. ಎಲ್ಲರೂ ನಕ್ಕರು.

ನನಗೆ ಕೆಲವು ವಿಷಯ ಗೊತ್ತಾಗಬೇಕು. ಹುರ್ಗಾಣರು ಯಾಕೆ ಶಿರಸ್ತ್ರಾಣ ತೆಗೆಯುವುದಿಲ್ಲ? ಏನು ತಿನ್ನುತ್ತಾರೆ? ಯಾಕೆ ಯಾವಾಗಲೂ ಹೊಡೆದಾಡುತ್ತಾರೆ? ಎಲ್ಲಿಂದ ಬಂದವರು? ಅವರಿಗೆ ಅಮ್ಮಂದಿರು ಇದ್ದಾರಾ? ಬೇಗ ಬರೆ. ನೀನು ಹೋಗಿ ಒಂದೂವರೆ ವರ್ಷ ಆಯಿತು ಅಂತ ದೊಡ್ಡಮ್ಮ ಹೇಳುತ್ತಿದ್ದಳು. ನಾನು ಲೆಕ್ಕ ಇಟ್ಟಿಲ್ಲ.

ಇತಿ,
ಕೀಟಲೆ


ಜೂನ್ 24

ನನ್ನ ಕೀಟಲೆಗೆ,

ಹೌದು, ಇತರರು ಅಂದರೆ ನಾನೇ.

ನೀನು ತೆರೆಯ ಮೇಲೆ ನೋಡಿದ್ದು ರಬ್ಬರು ಮತ್ತು ಸ್ಪಂಜು. ಇಲ್ಲೊಬ್ಬರು ಹೊಲಿಗೆಯಕ್ಕ ಇದ್ದಾರೆ. ದಿನಾ ಬೆಳಿಗ್ಗೆ ನನ್ನ ಮೈಗೆಲ್ಲ ಪೌಡರು ಬಡಿದು, ಆ ವೇಷದೊಳಗೆ ನನ್ನನ್ನು ತುರುಕಿ, ಬೆನ್ನಿನ ಹಿಂದೆ ಜಿಪ್ ಎಳೆಯುತ್ತಾರೆ. ಆಮೇಲೆ ನಾನಾಗಿ ನಾನು ಹೊರಗೆ ಬರುವ ಹಾಗಿಲ್ಲ. ಮೂಗು ತುರಿಸಿದರೂ ದೇವರೇ ಗತಿ. ಕಣ್ಣಿನ ತೂತಿನಿಂದ ಎರಡು ಹೆಜ್ಜೆ ಮುಂದಿನ ನೆಲ ಮಾತ್ರ ಕಾಣುತ್ತದೆ. ‘ಗುರ್ರ್’ ಅನ್ನುವ ಧ್ವನಿಯೂ ನನ್ನದಲ್ಲ. ಅದು ಕಡ್ಡಿಯಂಥ ಇನ್ನೊಬ್ಬರದು. ಗಾಜಿನ ಕೋಣೆಯಲ್ಲಿ ಕೂತು ಬಿಸಿನೀರು ಕುಡಿಯುತ್ತಾ ನಮ್ಮ ಆರೂ ಜನರ ಪರವಾಗಿ ಅವರೊಬ್ಬರೇ ಗುರುಗುಡುತ್ತಾರೆ.

ನಿನ್ನ ಪ್ರಶ್ನೆಗಳನ್ನು ಕಥೆ ಬರೆಯುವ ಸಾರನ್ನೇ ಕೇಳಿದೆ. “ಸಾರ್, ಈ ಹುರ್ಗಾಣರು ಎಲ್ಲಿಂದ ಬಂದವರು?” ಅವರು ಚಹಾದ ಲೋಟದಿಂದ ತಲೆ ಎತ್ತದೆ, “ಎಡಗಡೆಯಿಂದ ಬರ್ತಾರೆ, ಹೊಡೆದಾಡ್ತಾರೆ, ಬಲಗಡೆಯಿಂದ ಹೋಗ್ತಾರೆ” ಅಂದರು.

ಹಾಗಂತ ಬರೆದರೆ ನೀನು ಬಿಡುತ್ತೀಯಾ? ವೇಷದೊಳಗೆ ನಿಂತು ಕಾಯುವುದೇ ಇಲ್ಲಿ ಅರ್ಧ ಕೆಲಸ. ಅವರು ದೀಪ ಸರಿಮಾಡುವಷ್ಟು ಹೊತ್ತು ಆ ಕತ್ತಲಲ್ಲಿ ಯೋಚಿಸಿದೆ. ನನಗೆ ತಿಳಿದದ್ದು ಇಷ್ಟು.

ಹುರ್ಗಾಣರು ಮೊದಲು ಯೋಧರೇ ಅಲ್ಲ. ಹೊರೆ ಹೊರುವವರು. ಅವರ ಲೋಕದಲ್ಲಿ ಗಾಳಿ ನಿಲ್ಲುವುದೇ ಇಲ್ಲ. ಮನೆ ಕಟ್ಟಿದರೆ ಬೆಳಗಾಗುವಷ್ಟರಲ್ಲಿ ಬುಡ ಸಡಿಲವಾಗುತ್ತದೆ. ಅದಕ್ಕೆ ಅವರು ಮನೆಯನ್ನು ಬೆನ್ನ ಮೇಲೆ ಹೊತ್ತುಕೊಂಡು, ಒಂದು ತಗ್ಗಿನಿಂದ ಇನ್ನೊಂದು ತಗ್ಗಿಗೆ ನಡೆಯುತ್ತಾ ಇರುತ್ತಾರೆ. ಬೆನ್ನು ಅಷ್ಟು ಅಗಲ ಆದದ್ದು ಹಾಗೆ. ಶಿರಸ್ತ್ರಾಣ ಮರಳು ಕಣ್ಣಿಗೆ ಬೀಳದಿರಲಿ ಅಂತ. ತಿನ್ನುವುದು, ನಡೆಯುತ್ತಾ ತಿನ್ನಬಹುದಾದ ಏನನ್ನಾದರೂ. ಉದ್ದ ಮಾತು ಆಡಿದರೆ ಗಾಳಿ ಎತ್ತಿಕೊಂಡು ಹೋಗುತ್ತದೆ, ಹಾಗಾಗಿ ಗುರುಗುಡುವುದು.

ಒಮ್ಮೆ ಎಂದೂ ಬೀಸದಂಥ ಗಾಳಿ ಬೀಸಿ ಎಲ್ಲರ ಮನೆಗಳನ್ನೂ ಬೆನ್ನಿನಿಂದ ಕಿತ್ತುಕೊಂಡು ಹೋಯಿತು. ಬರಿಬೆನ್ನಿನಲ್ಲಿ ನಿಂತಿದ್ದವರ ಹತ್ತಿರ ಬೇರೆ ಲೋಕದ ನೌಕೆ ಬಂದು, “ನಮ್ಮ ಸಾಮಾನು ಹೊರ್ತೀರಾ?” ಅಂತ ಕೇಳಿತು. ಇವರು ಹೂಂ ಅಂದರು. ಸಾಮಾನು ಅಂದರೆ ಆಯುಧ. ಹೊತ್ತು ಹೊತ್ತು, ಕೊನೆಗೊಂದು ದಿನ ಅದನ್ನು ಇವರ ಕೈಗೇ ಕೊಟ್ಟು, “ನೀವೇ ಹೊಡೀರಿ” ಅಂದರು. ಹೀಗೆ ಯೋಧರಾದರು. ಜಗಳ ಯಾರದು ಅಂತ ಅವರಿಗೆ ಇವತ್ತಿಗೂ ಗೊತ್ತಿಲ್ಲ.

ಟೈರ್ ಅಂಗಡಿಯ ಮೇಲಿನ ಈ ಕೋಣೆಯಲ್ಲಿ ಮಂಚ ಒಂದೇ. ಬೇಕರಿಯವನೊಬ್ಬ ಹಗಲು ಮಲಗುತ್ತಾನೆ, ನಾನು ರಾತ್ರಿ. ಅವನು ಈಗ ಏಳುವ ಹೊತ್ತು. ದೊಡ್ಡಮ್ಮನ ಮಾತು ಕೇಳು.

ಆರರಲ್ಲಿ ಒಬ್ಬ,
ನಿನ್ನ ಅಪ್ಪ


ಜುಲೈ 11

ಅಪ್ಪನಿಗೆ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೆಂದರೆ ದೊಡ್ಡಮ್ಮ, “ಪರೀಕ್ಷೆಗೆ ಇಷ್ಟು ಓದಿದ್ದರೆ ಇಷ್ಟೊತ್ತಿಗೆ ಡಾಕ್ಟರಾಗ್ತಿದ್ದೆ” ಅಂದಳು. ಹಳೇ ಕ್ಯಾಲೆಂಡರಿನ ಹಿಂದೆ ಹುರ್ಗಾಣರ ಲೋಕದ ನಕ್ಷೆ ಬರೆದಿದ್ದೇನೆ. ಗಾಳಿಗೆ ಬಾಣದ ಗುರುತು, ತಗ್ಗುಗಳಿಗೆ ನೀಲಿ ಬಣ್ಣ. ದೊಡ್ಡಪ್ಪ ಅದನ್ನು ನನ್ನ ಮಂಚದ ಪಕ್ಕದ ಗೋಡೆಗೆ ಅಂಟಿಸಿಕೊಟ್ಟರು.

ಆದರೆ ನೀನು ಸರಿಯಾಗಿ ಯೋಚನೆ ಮಾಡಿಲ್ಲ. ಮನೆ ಹೊತ್ತು ನಡೆಯುವಾಗ ಒಲೆಯ ಮೇಲಿನ ಹಾಲು ಉಕ್ಕುವುದಿಲ್ಲವಾ? ಮಂಡಿನೋವಿನ ಅಜ್ಜಿಯರನ್ನು ಯಾರು ಹೊರುತ್ತಾರೆ? ಮನೆ ಹೊತ್ತವರೇ ಅಜ್ಜಿಯನ್ನೂ ಹೊರಬೇಕೆಂದರೆ ಅನ್ಯಾಯ. ಅವರ ಎದೆಯ ಮೇಲೆ ತಗಡಿನಂಥದ್ದು ಇದೆಯಲ್ಲ, ಅದೇನು? ಅದಕ್ಕೊಂದು ಚಿಲಕ ಇದ್ದಂತಿದೆ.

ನೀನೂ ಮೊದಲು ಮನೆಸಾಮಾನು ಸಾಗಿಸುವ ಲಾರಿಯಲ್ಲಿ ಹೊರುವ ಕೆಲಸ ಮಾಡುತ್ತಿದ್ದೆಯಂತೆ. ದೊಡ್ಡಮ್ಮ ಹೇಳಿದಳು. ನನಗೆ ನೆನಪಿಲ್ಲ.

ಅಮ್ಮಂದಿರ ವಿಷಯ ಬರೆಯಲು ಮರೆತಿದ್ದೀಯ.

ಇತಿ,
ಕೀಟಲೆ


ಆಗಸ್ಟ್ 3

ಕೀಟಲೆಗೆ,

ಹಾಲು ಉಕ್ಕುತ್ತದೆ. ಉಕ್ಕಿದ್ದು ಹಿಂದೆ ನಡೆಯುವವನ ತಲೆಯ ಮೇಲೆ ಬೀಳುತ್ತದೆ. ಹುರ್ಗಾಣರಲ್ಲಿ ಜಗಳ ಶುರುವಾದದ್ದು ಹಾಗೂ ಇರಬಹುದು. ಅಜ್ಜಿಯರನ್ನು ಯಾರೂ ಹೊರುವುದಿಲ್ಲ. ಅವರು ಮನೆಯೊಳಗೆ ಕೂತು, ಎಡಕ್ಕೆ ಹೋಗು ಬಲಕ್ಕೆ ಹೋಗು ಅಂತ ದಾರಿ ಹೇಳುತ್ತಾರೆ. ಹೊತ್ತವನಿಗೆ ಅಜ್ಜಿಯ ಭಾರ ಬೇರೆ, ಅಜ್ಜಿಯ ಬೈಗುಳ ಬೇರೆ.

ಆ ಚಿಲಕವನ್ನು ನಮ್ಮ ಹೊಲಿಗೆಯಕ್ಕ ಗುಜರಿಯಿಂದ ತಂದು ಚೆಂದಕ್ಕೆ ಹೊಲಿದರಂತೆ. ನೀನು ಕೇಳಿದ ಮೇಲೆ ನನಗೆ ಹೊಳೆಯಿತು. ಅದು ಬಾಗಿಲು. ದೊಡ್ಡ ಗಾಳಿ ಬಂದ ದಿನ ಪ್ರತಿಯೊಬ್ಬನ ಕೈಯಲ್ಲೂ ಉಳಿದದ್ದು ಅವನವನ ಮನೆಯ ಬಾಗಿಲಿನ ಒಂದು ಚೂರು. ಅದನ್ನೇ ಎದೆಗೆ ಕಟ್ಟಿಕೊಂಡರು. ಜನ ಅದನ್ನು ಕವಚ ಅಂದುಕೊಂಡಿದ್ದಾರೆ.

ಹಾಗಾಗಿ ಒಬ್ಬ ಹುರ್ಗಾಣ ಇನ್ನೊಬ್ಬನನ್ನು ಕಂಡರೆ ಅವನ ಎದೆಯ ಮೇಲೆ ಮೂರು ಸಲ ತಟ್ಟುತ್ತಾನೆ. ‘ಮನೇಲಿ ಯಾರಾದ್ರೂ ಇದ್ದೀರಾ?’ ಅಂತ. ಎದುರಿನವನು ತನ್ನ ಎದೆಯನ್ನು ತಾನೇ ಒಂದು ಸಲ ತಟ್ಟಿಕೊಳ್ಳಬೇಕು. ‘ನಾನಿದ್ದೀನಿ’ ಅಂತ.

ಇದನ್ನು ಮೊದಲನೆಯ ಹುರ್ಗಾಣನಿಗೂ ಹೇಳಿದೆ. ಅವನು ಹಿಂದೆ ಈಜು ಕಲಿಸುತ್ತಿದ್ದವನು, ಒಳ್ಳೆಯ ಮನುಷ್ಯ. ಸುರಂಗದ ದೃಶ್ಯದಲ್ಲಿ ಇಬ್ಬರೂ ಹಾಗೆ ತಟ್ಟಿಕೊಂಡೆವು. ನಿರ್ದೇಶಕರು, “ಏನ್ರೀ ಅದು, ಸೊಳ್ಳೆ ಹೊಡೀತಿದ್ದೀರಾ?” ಅಂತ ಕಿರುಚಿದರು. ಕಥೆಯ ಸಾರ್ ಮಾತ್ರ ಅವರ ಕಿವಿಯಲ್ಲಿ ಏನೋ ಹೇಳಿದರು. ಉಳಿಸಿದರೋ ಕತ್ತರಿಸಿದರೋ ಗೊತ್ತಿಲ್ಲ. ಸೆಪ್ಟೆಂಬರಿನಲ್ಲಿ ಗಮನವಿಟ್ಟು ನೋಡು.

ಎರಡನೆಯವನು,
ಅಪ್ಪ


ಸೆಪ್ಟೆಂಬರ್ 21

ಅಪ್ಪಾ,

ಬಂತು! ಮೂರು ಸಲ, ಆಮೇಲೆ ಒಂದು ಸಲ! ನಾನು ಕಿರುಚಿದ ರಭಸಕ್ಕೆ ದೊಡ್ಡಪ್ಪ ಕೈಯಲ್ಲಿದ್ದ ಲೋಟ ಬಿಟ್ಟರು. ದೊಡ್ಡಮ್ಮ ಬೈಯಲಿಲ್ಲ. ಗಾಜು ಗುಡಿಸುತ್ತಾ, “ನಿಮ್ಮಪ್ಪ ಬಾಯಿ ಬಿಟ್ಟು ಆಡದ ಮಾತೆಲ್ಲ ಆ ರಬ್ಬರ್ ಹಾಕ್ಕೊಂಡು ಆಡ್ತಾನೆ” ಅಂದಳು.

ಮರುದಿನ ಶಾಲೆಗೆ ಹಾರಿಕೊಂಡು ಹೋದೆ. ಆಗಲೇ ಎಲ್ಲರೂ ಅದನ್ನೇ ಆಡುತ್ತಿದ್ದರು. ಗೇಟಿನ ಹತ್ತಿರ, ನಲ್ಲಿಯ ಹತ್ತಿರ, ಎಲ್ಲಿ ನೋಡಿದರೂ ಒಬ್ಬರ ಎದೆಗೊಬ್ಬರು ತಟ್ಟುತ್ತಿದ್ದರು. ವಿಜ್ಞಾನದ ಟೀಚರ್, “ಕಥೆ ಬರೆದವರ ತಲೆ ನೋಡ್ರೋ!” ಅಂದರು. ಅದು ಅವರ ತಲೆ ಅಲ್ಲ, ನನ್ನದೂ ನಮ್ಮಪ್ಪನದೂ ಅಂತ ಹೇಳಲು ಬಾಯಿ ತೆರೆದೆ. ಹಲ್ಲುಬ್ಬಿ ನನ್ನನ್ನೇ ನೋಡುತ್ತಿದ್ದಳು. ಸುಮ್ಮನಾದೆ. ಮೊದಲು ಅದು ನಮ್ಮಿಬ್ಬರದು ಮಾತ್ರ ಆಗಿತ್ತು. ಆಗಲೇ ಚೆನ್ನಾಗಿತ್ತು ಅನ್ನಿಸಿತು.

ಇನ್ನೊಂದು. ಹುರ್ಗಾಣರ ಮಕ್ಕಳನ್ನು ಇಲ್ಲಿಯವರೆಗೆ ಒಮ್ಮೆಯೂ ತೋರಿಸಿಲ್ಲ. ಅವು ಎಲ್ಲಿವೆ? ಅಮ್ಮಂದಿರು? ಈ ಸಲ ಮರೆಯಬೇಡ.

ಇತಿ,
ಕೀಟಲೆ


ಅಕ್ಟೋಬರ್ 18

ಕೀಟಲೆಗೆ,

ಮಕ್ಕಳಿದ್ದಾರೆ. ಹುರ್ಗಾಣರ ಲೋಕದಲ್ಲಿ ಗಾಳಿ ತಾಕದ ಒಂದೇ ಒಂದು ತಗ್ಗಿದೆ. ಅಲ್ಲಿ ಕೆಲವು ಮನೆಗಳು ಹಾರಿಹೋಗದೆ ಉಳಿದಿವೆ. ಒಲೆ ಉರಿಯುತ್ತದೆ, ದೀಪ ನಿಲ್ಲುತ್ತದೆ. ಯುದ್ಧಕ್ಕೆ ಹೊರಡುವ ಹುರ್ಗಾಣ ತನ್ನ ಮಗುವನ್ನು ಆ ಮನೆಗಳಲ್ಲೊಂದರಲ್ಲಿ ಬಿಟ್ಟು ಹೋಗುತ್ತಾನೆ. ಅಲ್ಲಿನ ಜನ ಒಳ್ಳೆಯವರು. ಹೊತ್ತುಹೊತ್ತಿಗೆ ಊಟ ಹಾಕುತ್ತಾರೆ, ಪಾಠ ಹೇಳಿಕೊಡುತ್ತಾರೆ. ಬಿಟ್ಟು ಹೋಗುವಾಗ ತಿರುಗಿ ನೋಡಬಾರದು ಅಂತ ನಿಯಮ. ತಿರುಗಿ ನೋಡಿದವನಿಗೆ ಮುಂದಕ್ಕೆ ನಡೆಯಲು ಆಗುವುದಿಲ್ಲ.

ಆ ತಗ್ಗಿಗೆ ಮೇಲಿಂದ ಮೇಲೆ ಬಂದು ಹೋಗುವ ಪದ್ಧತಿಯೂ ಇಲ್ಲ. ಬರುವವನ ಜೊತೆ ಗಾಳಿಯೂ ಬರುತ್ತದೆ ಅನ್ನುತ್ತಾರೆ. ನೋಡುವವರಿಗೆ ಇದು ಕ್ರೂರ ಅನ್ನಿಸಬಹುದು. ಹುರ್ಗಾಣರು ಹಾಗೆ ತಿಳಿಯುವುದಿಲ್ಲ. ಮಗು ಬೆಚ್ಚಗಿದ್ದರೆ ಸಾಕು ಅಂದುಕೊಳ್ಳುತ್ತಾರೆ.

ಚಳಿ ಶುರುವಾಯಿತು. ಸ್ವೆಟರ್ ಹಾಕಿಕೊ.

ಅಪ್ಪ


ನವೆಂಬರ್ 2

ಅಪ್ಪನಿಗೆ,

ನಿನ್ನ ಕಾಗದವನ್ನು ದೊಡ್ಡಮ್ಮನಿಗೆ ಓದಿ ಹೇಳಿದೆ. ಅವಳು ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿ, ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ಉಜ್ಜತೊಡಗಿದಳು.

ಇದು ಹುರ್ಗಾಣರ ಪದ್ಧತಿಯಾ, ನಿನ್ನ ಪದ್ಧತಿಯಾ?

ಆ ಮಗುವನ್ನು ಯಾರಾದರೂ ಕೇಳಿದರಾ? ನಾನು ಅಲ್ಲಿಯವಳಾಗಿದ್ದರೆ ಗಾಳಿ ಬಂದರೆ ಬರಲಿ ಅನ್ನುತ್ತಿದ್ದೆ.

ಅಮ್ಮಂದಿರು ಈ ಸಲವೂ ಇಲ್ಲ.

ಇತಿ,
ನಿನ್ನ ಮಗಳು


ಡಿಸೆಂಬರ್ 14

ಪ್ರೀತಿಯ ಕೀಟಲೆಗೆ,

ನಿನಗೆ ಸಿಟ್ಟು ಬಂದಿದೆ ಅಂತ ಗೊತ್ತು. ಬರೆಯುವುದು ತಡವಾಯಿತು. ಚಿತ್ರೀಕರಣ ಬಹಳ ಜೋರು. ಪುರುಸೊತ್ತೇ ಇಲ್ಲ. ನಿನ್ನೆ ಕಾರ್ಖಾನೆಗೆ ಬೆಂಕಿ ಬೀಳುವ ದೃಶ್ಯ ತೆಗೆದರು. ಆರೂ ಜನ ಬೆಂಕಿಯ ನಡುವೆ ಓಡಿದೆವು. ಹೊಲಿಗೆಯಕ್ಕ ಒದ್ದೆ ಗೋಣಿ ಹಿಡಿದು ನಮ್ಮ ಹಿಂದೆಯೇ ಓಡುತ್ತಿದ್ದರು. ನೀನು ನೋಡಿದ್ದರೆ ನಕ್ಕು ನಕ್ಕು ಸಾಯುತ್ತಿದ್ದೆ.

ಡಿಸೆಂಬರ್ ರಜಕ್ಕೆ ಬರುತ್ತೇನೆ ಅಂದಿದ್ದೆ. ಈ ಸಲ ಆಗುವುದಿಲ್ಲ ಅಂತ ಕಾಣುತ್ತದೆ. ರಜೆ ಕೊಡುವುದಿಲ್ಲ ಅನ್ನುತ್ತಾರೆ. ದೊಡ್ಡಪ್ಪನಿಗೂ ಹೇಳು.

ಅಪ್ಪ


ಜನವರಿ 20

ಅಪ್ಪಾ,

ಬೆಂಕಿಯ ಕಂತು ಬಂತು. ಎಡದಿಂದ ಎರಡನೆಯವನು ನೀನಲ್ಲ.

ಅದಕ್ಕೂ ಹಿಂದಿನ ವಾರದವನು ನೀನಲ್ಲ, ಅದರ ಹಿಂದಿನವನೂ ಅಲ್ಲ. ಇವನು ಬಾಗಿಲಲ್ಲಿ ತಲೆ ತಗ್ಗಿಸುವುದಿಲ್ಲ. ತಿರುಗುವಾಗ ಮೊದಲು ಕತ್ತು ತಿರುಗಿಸಿ ಆಮೇಲೆ ಮೈ ತಿರುಗಿಸುತ್ತಾನೆ. ನೀನು ಇಡೀ ಮೈಯನ್ನೇ ಒಟ್ಟಿಗೆ ತಿರುಗಿಸುತ್ತೀಯ. ದೊಡ್ಡಪ್ಪ, “ರಬ್ಬರ್ ಒಳಗೆ ಯಾರಿದ್ರೂ ಒಂದೇ ಕಣೇ” ಅಂದರು. ಒಂದೇ ಅಲ್ಲ.

ಆ ಬೆಂಕಿಯಲ್ಲಿ ಓಡಿದೆ ಅಂತ ಯಾಕೆ ಬರೆದೆ?

ನೀನು ಎಲ್ಲಿದ್ದೀಯ?

ಕೀಟಲೆ


ಫೆಬ್ರವರಿ 6

ಕೀಟಲೆಯ ಅಪ್ಪನವರಿಗೆ,

ನನ್ನ ಕೈಬರಹ ನಿಮಗೆ ಹೊಸದು. ನಾನು ಕಾಗದ ಬರೆಯುವವಳಲ್ಲ ಅಂತ ನಿಮಗೆ ಗೊತ್ತು. ಈಗ ಬರೆಯಲೇಬೇಕಾಗಿದೆ.

ಮಗು ಶಾಲೆಯಿಂದ ಬಂದು ಅಂಚೆ ಡಬ್ಬಿ ನೋಡುತ್ತದೆ, ಒಳಗೆ ಬಂದು ಬಾಗಿಲು ಹಾಕಿಕೊಳ್ಳುತ್ತದೆ. ಟೀವಿ ಹಾಕಿದರೆ ಎದ್ದು ಹೋಗುತ್ತದೆ. ನೀವು ಬದುಕಿದ್ದೀರೋ ಇಲ್ಲವೋ ಅನ್ನುವ ಅನುಮಾನ ಅದಕ್ಕೆ ಬಂದಿದೆ. ಬಾಯಿ ಬಿಟ್ಟು ಹೇಳುವುದಿಲ್ಲ. ಏನಾಗಿದೆ ನಿಮಗೆ? ಯಾರ ಹತ್ತಿರ ಮುಚ್ಚಿಡುತ್ತಿದ್ದೀರಿ?

ಇನ್ನೊಂದು ವಿಷಯ. ಇವರಿಗೆ ಸಮುದ್ರದ ಆಚೆ ದೊಡ್ಡ ಬಂದರಿನಲ್ಲಿ ಕೆಲಸ ಸಿಕ್ಕಿದೆ. ಇಲ್ಲಿನ ಕ್ರೇನುಗಳನ್ನು ಒಂದೊಂದಾಗಿ ನಿಲ್ಲಿಸುತ್ತಿದ್ದಾರೆ, ಇವರದ್ದೂ ಹೆಚ್ಚು ದಿನ ಓಡುವುದಿಲ್ಲ. ಏಪ್ರಿಲ್ ಕೊನೆಗೆ ಹೊರಡಬೇಕು. ಭಾಷೆ ಬೇರೆ, ಊರು ಬೇರೆ. ಮತ್ತೆ ಯಾವಾಗ ಈ ಕಡೆ ಬರುತ್ತೇವೋ ಹೇಳಲಾರೆ.

ಕೀಟಲೆಯನ್ನು ಕರೆದುಕೊಂಡು ಹೋಗಲೋ, ನಿಮ್ಮ ಹತ್ತಿರ ಕಳಿಸಲೋ? ನಿಮ್ಮಿಂದ ಕಿತ್ತುಕೊಳ್ಳಲು ಕೇಳುತ್ತಿಲ್ಲ. ನನಗೆ ಮಕ್ಕಳಿಲ್ಲ, ನಿಜ. ಅದಕ್ಕೇ ಈ ಪ್ರಶ್ನೆ ಕೇಳಲು ಇಷ್ಟು ದಿನ ಹಿಂಜರಿದೆ. ನನ್ನ ತಂಗಿ ಇದ್ದಿದ್ದರೆ ನಿಮ್ಮ ಕಿವಿ ಹಿಂಡಿ ಇಷ್ಟೊತ್ತಿಗೆ ಎಲ್ಲ ಸರಿಮಾಡುತ್ತಿದ್ದಳು.

ನಿಮ್ಮ ಅತ್ತಿಗೆ


ಫೆಬ್ರವರಿ 15

ಅಕ್ಕಾ,

ನವೆಂಬರಿನಲ್ಲಿ ಬಿದ್ದೆ. ಕೋಟೆಯ ಮೆಟ್ಟಿಲಿಳಿಯುವ ದೃಶ್ಯ. ವೇಷದ ಒಳಗಿನಿಂದ ಮೆಟ್ಟಿಲು ಕಾಣುವುದಿಲ್ಲ, ಅಂದಾಜಿನ ಮೇಲೆ ಕಾಲಿಡಬೇಕು. ಆ ದಿನ ಅಂದಾಜು ತಪ್ಪಿತು. ಮಂಡಿ ಸೀಳಿ ಹೊಲಿದಿದ್ದಾರೆ. ನಡೆಯುತ್ತೇನೆ, ಆದರೆ ಕಾಲು ಪೂರ್ತಿ ಮಡಚಲಾಗುವುದಿಲ್ಲ. ಮೂರನೆಯ ದಿನವೇ ಇನ್ನೊಬ್ಬ ಎತ್ತರದವನನ್ನು ತಂದು ನನ್ನ ವೇಷಕ್ಕೆ ತುಂಬಿದರು. ಒಳಗಿನ ಬೆವರು ಕೂಡ ಆರಿರಲಿಲ್ಲ. ಈಗ ಹೊಲಿಗೆಯಕ್ಕನ ಕೈಕೆಳಗೆ ಉಗ್ರಾಣದಲ್ಲಿದ್ದೇನೆ. ಹರಿದ ಕಡೆ ಅಂಟು ಹಾಕುವುದು, ರಬ್ಬರು ಅಂಟಿಕೊಳ್ಳದ ಹಾಗೆ ಪೌಡರು ಬಡಿಯುವುದು. ನನ್ನ ಹಳೇ ಮೈಗೆ ನಾನೇ ಪೌಡರು ಬಡಿದು ಕಳಿಸುತ್ತೇನೆ.

ಮಗುವಿಗೆ ಏನಂತ ಬರೆಯಲಿ? ಅವಳಿಗೆ ಹೇಳಿಕೊಳ್ಳಲು ಇದ್ದದ್ದು ಅದೊಂದೇ.

ಅವಳನ್ನು ಇಲ್ಲಿ ಎಲ್ಲಿಡಲಿ? ಇರುವುದು ಒಂದು ಮಂಚ, ಅದೂ ರಾತ್ರಿ ಮಾತ್ರ ನನ್ನದು. ಹೆಣ್ಣುಮಗು ಬೆಳೆಯುತ್ತಿದೆ. ನೀವು ಕರೆದುಕೊಂಡು ಹೋಗಿ. ಶಾಲೆ ತಪ್ಪದಿರಲಿ. ಇದು ಯೋಚನೆ ಮಾಡಿಯೇ ಹೇಳುತ್ತಿರುವ ಮಾತು.

ನೀವೇ ಅವಳಿಗೆ ಹೇಳಿಬಿಡಿ. ನಿಮ್ಮ ಬಾಯಿಂದ ಬಂದರೆ ಕೇಳುತ್ತಾಳೆ.

ನಿಮ್ಮ ತಂಗಿಯ ಗಂಡ


ಫೆಬ್ರವರಿ 23

ಕೀಟಲೆಯ ಅಪ್ಪನವರಿಗೆ,

ನಾನು ಹೇಳುವುದಿಲ್ಲ. ನೀವು ಅವಳನ್ನು ನಮ್ಮ ಮನೆಗೆ ಬಿಟ್ಟು ಹೋದ ದಿನವೂ ನಾನೇ ಹೇಳಿದ್ದು. ನೀವು ಮೂಲೆಯ ಅಂಗಡಿಯಿಂದ ಏನೋ ತರುತ್ತೇನೆ ಅಂತ ಎದ್ದು ಹೋದಿರಿ. ಮಗು ಸಂಜೆಯವರೆಗೂ ಕಿಟಕಿ ಬಿಟ್ಟು ಕದಲಲಿಲ್ಲ.

ಈ ಸಲ ನೀವೇ ಬನ್ನಿ. ಕುಂಟಿಕೊಂಡಾದರೂ ಬನ್ನಿ.

ನಿಮ್ಮ ಅತ್ತಿಗೆ


ಜೂನ್ 30

ಅಪ್ಪನಿಗೆ,

ಸಮುದ್ರ ದಾಟಿ ಇಲ್ಲಿಗೆ ಬಂದ ಮೇಲೆ ನಾನು ಬರೆಯುತ್ತಿರುವ ಮೊದಲ ಕಾಗದ. ನಿನ್ನ ಎರಡೂ ಕಾಗದ ಬಂದವು. ಉತ್ತರ ಬರೆಯಬಾರದು ಅಂತಲೇ ಇದ್ದೆ.

ನಾವು ಅಲ್ಲಿಂದ ಹೊರಡುವ ಮೊದಲು ನೀನು ಬಂದ ದಿನ ನಾನು ಕಿಟಕಿಯಲ್ಲೇ ಇದ್ದೆ. ಬೀದಿಯ ಕೊನೆಯಿಂದ ಯಾರೋ ಒಬ್ಬರು ಒಂದು ಕಾಲು ಎಳೆಯುತ್ತಾ, ಪ್ರತಿ ಮನೆಯ ನಂಬರೂ ನೋಡುತ್ತಾ ಬರುತ್ತಿದ್ದರು. ಮೀಟರ್ ಓದುವವರು ಅಂದುಕೊಂಡೆ. ಗೇಟು ತೆಗೆದು ತಲೆ ಎತ್ತಿದಾಗ ನೀನು. ರಬ್ಬರಿನೊಳಗೆ ಇದ್ದಾಗಲೂ ನಿನ್ನನ್ನು ಗುರುತು ಹಿಡಿದಿದ್ದೆ. ಬರೀ ಅಂಗಿಯಲ್ಲಿ ಬಂದಾಗ ಗೊತ್ತಾಗಲಿಲ್ಲ. ಅದಕ್ಕೇ ಒಳಗೆ ಓಡಿಹೋದದ್ದು. ನಿನ್ನ ಮೇಲಿನ ಸಿಟ್ಟಿಗಲ್ಲ. ಇದನ್ನು ನಿನಗೆ ಹೇಳಿರಲಿಲ್ಲ.

ಊಟವಾದ ಮೇಲೆ ನೀನು ನನ್ನನ್ನು ಎದುರಿಗೆ ಕೂರಿಸಿಕೊಂಡು, “ನೋಡು ಕೀಟಲೆ, ಹುರ್ಗಾಣರಲ್ಲಿ ಒಂದು ಮಾತಿದೆ...” ಅಂತ ಶುರುಮಾಡಿದೆ. ನಾನು, “ಹುರ್ಗಾಣರ ಮಾತು ಬೇಡ! ನಿಂದು ಹೇಳು!” ಅಂತ ಕೂಗಿದೆ. ನೀನು ಆ ಕಾಲನ್ನು ಉಜ್ಜಿಕೊಂಡೆ. ಆಮೇಲೆ, “ನಾನು ನಿನ್ನ ಇಟ್ಕೊಳ್ಳೋಕೆ ಆಗಲ್ಲ ಮರಿ. ದೊಡ್ಡಮ್ಮನ ಜೊತೆ ಹೋಗು” ಅಂದೆ. ಅಷ್ಟೇ. ಎದ್ದು ಹೋಗಿ ದೊಡ್ಡಪ್ಪ ಕಟ್ಟಿದ್ದ ಡಬ್ಬಗಳನ್ನೆಲ್ಲ ಬಿಚ್ಚಿ ಮತ್ತೆ ಕಟ್ಟತೊಡಗಿದೆ. “ಈ ಗಂಟು ಹಡಗಲ್ಲಿ ನಿಲ್ಲಲ್ಲ ಭಾವ” ಅಂತ. ಬಸ್ಸಿನ ಹೊತ್ತಿನವರೆಗೂ ಗಂಟು ಹಾಕುತ್ತಲೇ ಇದ್ದೆ. ಇಲ್ಲಿಗೆ ಬಂದ ಮೇಲೆ ಅವನ್ನು ಬಿಚ್ಚಲು ನಮ್ಮ ಯಾರ ಕೈಯಲ್ಲೂ ಆಗಲಿಲ್ಲ. ದೊಡ್ಡಪ್ಪ ಕತ್ತರಿ ತಂದರು. ದೊಡ್ಡಮ್ಮ ಒಂದು ಡಬ್ಬವನ್ನು ಮಾತ್ರ ಹಾಗೇ ಇಟ್ಟಿದ್ದಾಳೆ, ಯಾಕೋ ಗೊತ್ತಿಲ್ಲ.

ಇಲ್ಲಿ ನಮ್ಮ ಮನೆ ಒಂಬತ್ತನೆಯ ಮಹಡಿಯಲ್ಲಿದೆ. ಕೆಳಗೆ ಬಸ್ಸುಗಳು ತಿರುಗುವ ಜಾಗ. ಶಾಲೆಯಲ್ಲಿ ಯಾರ ಮಾತೂ ನನಗೆ ತಿಳಿಯುವುದಿಲ್ಲ. ನಗುವವರು ನನ್ನನ್ನು ನೋಡಿ ನಗುತ್ತಾರೋ, ಸುಮ್ಮನೆ ನಗುತ್ತಾರೋ ಅಂತಲೂ ಗೊತ್ತಾಗುವುದಿಲ್ಲ.

ಆ ಧಾರಾವಾಹಿ ಇಲ್ಲೂ ಬರುತ್ತದೆ, ಇಲ್ಲಿನ ಭಾಷೆಯಲ್ಲಿ. ಹುರ್ಗಾಣರ ಮೂಲ ತೋರಿಸಿದರು. ಒಬ್ಬ ಹುಚ್ಚು ರಾಜ ಅವರನ್ನು ಕಾರ್ಖಾನೆಯಲ್ಲಿ ಅಚ್ಚುಹಾಕಿ ಮಾಡಿದನಂತೆ. ಅಪ್ಪ ಅಮ್ಮ ಯಾರೂ ಇಲ್ಲವಂತೆ. ಬಂದರಿನಲ್ಲಿ ಅಷ್ಟಿಷ್ಟು ಭಾಷೆ ಕಲಿತ ದೊಡ್ಡಪ್ಪ ಹೇಳಿದರು. ಪಕ್ಕದ ಮನೆಯ ಹುಡುಗಿ ನಮ್ಮಲ್ಲೇ ಕೂತು ನೋಡುತ್ತಿದ್ದಳು. ಸುಳ್ಳು, ಅವರು ಹೊರೆ ಹೊರುವವರು ಅಂತ ಅವಳಿಗೆ ಹೇಳಬೇಕಿತ್ತು. ಹೊರೆಗೆ ಇಲ್ಲಿ ಏನನ್ನುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ಬೆನ್ನು ಬಗ್ಗಿಸಿ ತೋರಿಸಿದೆ. ಹೊಟ್ಟೆನೋವು ಅಂದುಕೊಂಡು ದೊಡ್ಡಮ್ಮನನ್ನು ಕರೆದಳು.

ಹೋದ ವಾರ ತರಗತಿಯಲ್ಲಿ ಒಬ್ಬೊಬ್ಬರನ್ನೇ ನಿಲ್ಲಿಸಿ, ನೀವು ಹುಟ್ಟಿದ ದಿನ ಮನೆಯಲ್ಲಿ ಏನಾಯಿತು ಅಂತ ಕೇಳಿದರು. ಟೀಚರ್ ಹಲಗೆಯ ಮೇಲೆ ಚಿತ್ರ ಬರೆದು ತೋರಿಸಿದ್ದರಿಂದ ನನಗೆ ತಿಳಿಯಿತು. ಎಲ್ಲರೂ ಏನೇನೋ ಹೇಳಿದರು. ನನ್ನ ಸರದಿ ಬಂದಾಗ ಭಾಷೆ ಬರುವುದಿಲ್ಲ ಅಂತ ಟೀಚರ್ ಬಿಟ್ಟುಬಿಟ್ಟರು. ಭಾಷೆ ಬಂದಿದ್ದರೂ ಹೇಳಲು ಏನೂ ಇರಲಿಲ್ಲ. ದೊಡ್ಡಮ್ಮನನ್ನು ಕೇಳಿದರೆ, “ನಾನಾಗ ಬೇರೆ ಊರಲ್ಲಿದ್ದೆ, ನಿಮ್ಮಪ್ಪಂಗೇ ಗೊತ್ತು” ಅಂದಳು.

ಹುರ್ಗಾಣರು ಎಲ್ಲಿಂದ ಬಂದರು ಅಂತ ನನಗೆ ಪೂರ್ತಿ ಗೊತ್ತು. ನಾನು ಹೇಗೆ ಬಂದೆ ಅಂತ ಗೊತ್ತಿಲ್ಲ.

ಅಮ್ಮ ಹೇಗಿದ್ದಳು? ನಾನು ಹುಟ್ಟಿದಾಗ ಅವಳು ಏನಂದಳು?

ಇತಿ,
ಕೀಟಲೆ


ಜುಲೈ 28

ನನ್ನ ಕೀಟಲೆಗೆ,

ನಿನ್ನ ಕಾಗದ ಬಂದು ಬಹಳ ದಿನ ಆಯಿತು. ನಾಲ್ಕು ಸಾಲು ಬರೆಯುವುದು, ಹರಿಯುವುದು. ಬೇಕರಿಯವನು, “ಏನಣ್ಣಾ, ಕಾಗದ ಬರೀತಿದ್ದೀಯೋ, ತಿಂತಿದ್ದೀಯೋ?” ಅಂದ. ಇವತ್ತು ಉಗ್ರಾಣಕ್ಕೆ ರಜೆ. ಧಾರಾವಾಹಿ ಮುಗಿಯಿತು. ಆರೂ ವೇಷಗಳನ್ನು ಕೊಕ್ಕೆಗೆ ನೇತುಹಾಕಿ ಬಟ್ಟೆ ಮುಚ್ಚಿದ್ದೇವೆ.

ನಿಮ್ಮಮ್ಮನ ವಿಷಯ ನಾನು ಯಾರ ಹತ್ತಿರವೂ ಆಡಿಲ್ಲ. ಆಡಲು ಹೋದರೆ ಎದ್ದು ಬೇರೆ ಏನೋ ಕೆಲಸ ಹುಡುಕುತ್ತೇನೆ. ಬರೆಯಲು ಬರುತ್ತದೋ ನೋಡೋಣ.

ಅವಳು ಟೆಲಿಫೋನ್ ಕಚೇರಿಯಲ್ಲಿ ಕೆಲಸಕ್ಕಿದ್ದಳು. ಆ ಕಚೇರಿಯನ್ನು ಬೇರೆ ಕಟ್ಟಡಕ್ಕೆ ಸಾಗಿಸಿದವರು ನಾವು. ನಾನು ಅವಳ ಮೇಜನ್ನು ತಲೆಕೆಳಗು ಮಾಡಿ ಹೊತ್ತೆ. ಡ್ರಾಯರಿನಲ್ಲಿದ್ದ ಪಿನ್ನುಗಳೆಲ್ಲ ಮೆಟ್ಟಿಲ ಉದ್ದಕ್ಕೂ ಚೆಲ್ಲಿದವು. “ಇಷ್ಟು ಎತ್ತರ ಬೆಳೆದಿದ್ದೀರಿ, ಮೇಜಿಗೆ ತಲೆ ಯಾವುದು ಕಾಲು ಯಾವುದು ಗೊತ್ತಾಗಲ್ವಾ?” ಅಂದಳು. ಇಬ್ಬರೂ ಕೂತು ಆರಿಸಿದೆವು. ನಾನು ಬೇಕಂತಲೇ ನಿಧಾನವಾಗಿ ಆರಿಸಿದೆ. ಅವಳು ಎಡಗೈಯವಳು. ಕುಳ್ಳಿ. ಹಾಡಿದರೆ ಶ್ರುತಿ ಎಲ್ಲಿಗೋ ಹೋಗುತ್ತಿತ್ತು, ಆದರೂ ದಿನಾ ಹಾಡುತ್ತಿದ್ದಳು. ಪ್ರಶ್ನೆ ಕೇಳಲು ಶುರುಮಾಡಿದರೆ ಎದುರಿನವರು ಉತ್ತರ ಹೇಳುವವರೆಗೂ ಬಿಡುತ್ತಿರಲಿಲ್ಲ. ಅದು ಯಾರಿಗೆ ಬಂದಿದೆ ಅಂತ ನಾನು ಹೇಳಬೇಕಾಗಿಲ್ಲ.

ನೀನು ಹುಟ್ಟಿದ ದಿನ ನಾವು ಒಬ್ಬ ಹಲ್ಲಿನ ಡಾಕ್ಟರ ಮನೆಗೆ ಮರದ ಬೀರು ಏರಿಸುತ್ತಿದ್ದೆವು. ಆ ಕಟ್ಟಡಕ್ಕೆ ಲಿಫ್ಟ್ ಇಲ್ಲ, ಮೆಟ್ಟಿಲು ಕಿರಿದು. ಬೀರು ನನ್ನ ಬೆನ್ನ ಮೇಲೆ, ಅದರ ಬುಡ ನನ್ನ ಜೊತೆಗಾರನ ಕೈಯಲ್ಲಿ. ಅರ್ಧ ಏರಿದ್ದೆವು. ಕೆಳಗಿನಿಂದ ಲಾರಿ ಡ್ರೈವರ್ ಕೂಗಿದ: “ಲೋ! ಆಸ್ಪತ್ರೆಯಿಂದ ಫೋನ್ ಬಂದಿತ್ತು! ಹೆಣ್ಣು ಮಗು ಕಣೋ!”

ಬೀರು ಬೆನ್ನ ಮೇಲಿದ್ದರೆ ಮೆಟ್ಟಿಲ ನಡುವೆ ಇಳಿಸುವ ಹಾಗಿಲ್ಲ. ನಿಲ್ಲುವ ಹಾಗಿಲ್ಲ, ಕುಣಿಯುವ ಹಾಗಿಲ್ಲ, ಯಾರ ಮುಖವನ್ನೂ ನೋಡುವ ಹಾಗಿಲ್ಲ. ನನ್ನ ಮೂಗಿನ ಮುಂದೆ ಇದ್ದದ್ದು ಸುಣ್ಣದ ಗೋಡೆ. ಆ ಗೋಡೆಗೆ, “ಹೆಣ್ಣು ಮಗು” ಅಂತ ಹೇಳಿದೆ. ಕೆಳಗಿನಿಂದ ಜೊತೆಗಾರ, “ಯಾಕೋ ನಡುಗ್ತಿದ್ದೀಯ? ನನ್ನ ಕಾಲ ಮೇಲೆ ಹಾಕ್ಬೇಡ ಪುಣ್ಯಾತ್ಮ!” ಅಂದ. ಹೇಗೋ ಮೇಲೆ ಮುಟ್ಟಿಸಿದೆವು. ಡಾಕ್ಟರ ಹೆಂಡತಿ, “ಆ ಗೋಡೆಗಲ್ಲಪ್ಪಾ, ಈ ಗೋಡೆಗೆ” ಅಂದರು. ಅದೂ ಆಯಿತು. “ಸ್ವಲ್ಪ ಎಡಕ್ಕೆ” ಅಂದರು. ಸ್ವಲ್ಪ ಎಡಕ್ಕೂ ಸರಿಸಿ, ಹಗ್ಗ ಅಲ್ಲೇ ಬಿಟ್ಟು ಓಡಿದೆ.

ನಿಮ್ಮಮ್ಮ ಗೋಡೆಗೆ ಒರಗಿ ಕೂತಿದ್ದಳು. ಕೂದಲು ಕೆದರಿತ್ತು, ತುಟಿ ಒಣಗಿತ್ತು. ನನ್ನನ್ನು ನೋಡಿ ಅವಳು ಆಡಿದ ಮೊದಲ ಮಾತು, “ಇಷ್ಟೊತ್ತು ಎಲ್ಲಿ ಹೋಗಿದ್ರಿ? ಇವಳು ಕಾದು ಕಾದು ನಿದ್ದೆ ಮಾಡಿಬಿಟ್ಳು.” ನಾನು, “ಬಂದೆನಲ್ಲ” ಅಂದೆ. “ಇವಳು ಹುಟ್ಟಿದ ಕೂಡಲೇ ಅಳಲಿಲ್ಲ ರೀ. ಕಣ್ಣು ಬಿಟ್ಟು ಎಲ್ಲರನ್ನೂ ಒಂದ್ಸಲ ನೋಡಿದ್ಳು, ಆಮೇಲೆ ಅತ್ತಳು. ಯಾರ ಮನೆಗೆ ಬಂದೆ ಅಂತ ವಿಚಾರಿಸಿಕೊಂಡ ಹಾಗಿತ್ತು” ಅಂದಳು. ನಿನ್ನನ್ನು ನೋಡಿ ಅವಳು ಅಂದದ್ದು ಅದು. ನಿಮ್ಮ ಟೀಚರಿಗೆ ಹೇಳುವಷ್ಟು ಭಾಷೆ ಬಂದ ದಿನ ಹೇಳು.

ಎತ್ತಿಕೊಳ್ಳಿ ಅಂದಳು. ನನ್ನ ಅಂಗೈಯಲ್ಲಿ ಹಗ್ಗದ ಗೀರುಗಳಿದ್ದವು. ಕೈ ತೊಳೆದುಕೊಂಡು ಬಂದೆ. ಸಾಲದೆನಿಸಿ ಇನ್ನೊಮ್ಮೆ ತೊಳೆದು ಬಂದೆ. ಆಮೇಲೆ ಎತ್ತಿಕೊಂಡೆ. ನೀನು ನನ್ನ ಮೊಣಕೈಯಿಂದ ಮಣಿಕಟ್ಟಿನವರೆಗೆ ಇದ್ದೆ, ಅಷ್ಟೇ. ನಿದ್ದೆಯಲ್ಲೇ ಒಮ್ಮೆ ಹುಬ್ಬು ಗಂಟಿಕ್ಕಿದೆ.

ಸ್ವಲ್ಪ ಹೊತ್ತು ನೋಡಿ ನಿಮ್ಮಮ್ಮ, “ಕೊಡಿ ಇಲ್ಲಿ. ಬೀರು ಹಿಡಿದ ಹಾಗೆ ಹಿಡಿದಿದ್ದೀರಿ” ಅಂದಳು. ಕೊಡಲಿಲ್ಲ. ನರ್ಸ್ ಬಂದು, “ಕೊಡಿ, ತಾಯಿ ಹತ್ರ ಮಲಗಿಸ್ಬೇಕು” ಅಂದರು. ಕೊಡಲಿಲ್ಲ. ದೀಪ ಹಾಕಿದರು, ಭೇಟಿಯ ಹೊತ್ತು ಮುಗಿಯಿತು ಅಂತ ಗಂಟೆ ಹೊಡೆದರು, ಪಕ್ಕದ ಹಾಸಿಗೆಯವರ ಮನೆಯವರೆಲ್ಲ ಎದ್ದು ಹೊರಟರು. ನಿನ್ನನ್ನು ಯಾರಿಗೂ ಕೊಡಲಿಲ್ಲ.

ಇತಿ,
ಅಪ್ಪ